ಮೋಟಾರ್ ಡ್ರೈವರ್ ಬೋರ್ಡ್: ತಂತ್ರಾಂಶ 'ಸಂಪರ್ಕವಿಲ್ಲ' ಎಂದಾಗ ಮಾಡಬೇಕಾದ್ದೇನು?

ತ್ರೀಡಿ ಪ್ರಿಂಟರ್, ಎಟಿಎಂ, ಆಸ್ಪತ್ರೆಯ ಔಷಧ ಪಂಪ್, ಜವಳಿ ಯಂತ್ರ ಹೀಗೆ ಅಳತೆ ತಪ್ಪದೆ ಚಲಿಸಬೇಕಾದ ಯಂತ್ರಗಳ ಒಳಗೆ ಮೋಟಾರ್ ಇರುತ್ತದೆ. ಆ ಮೋಟಾರಿಗೆ ಬೇಕಾದ ವಿದ್ಯುತ್ತನ್ನು ಬೇಕಾದ ಕ್ಷಣದಲ್ಲಿ, ಬೇಕಾದಷ್ಟೇ ಹರಿಸುವ ಕೆಲಸ ಮೋಟಾರ್ ಡ್ರೈವರ್ ಎಂಬ ಚಿಪ್‌ನದು. ಹೊಸ ಯಂತ್ರ ರೂಪಿಸುವ ಎಂಜಿನಿಯರುಗಳು ಮತ್ತು ಪ್ರಾಜೆಕ್ಟ್ ಮಾಡುವ ವಿದ್ಯಾರ್ಥಿಗಳು ಚಿಪ್ ಆಯ್ಕೆಗೆ ಮುನ್ನ ತಯಾರಕರೇ ಒದಗಿಸುವ ಮೌಲ್ಯಮಾಪನ ಬೋರ್ಡಿನಲ್ಲಿ ಅದನ್ನು ಪರೀಕ್ಷಿಸುತ್ತಾರೆ. ಬೋರ್ಡನ್ನು ಕಂಪ್ಯೂಟರಿಗೆ ಜೋಡಿಸಿ, ಜೊತೆಗೆ ಬಂದ ತಂತ್ರಾಂಶ ಅಳವಡಿಸಿದರೆ ಕೆಲಸ ಆರಂಭವಾಗಬೇಕು. ಆದರೆ ಎಷ್ಟೋ ಬಾರಿ ಪರದೆಯ ಮೇಲೆ ಮೂಡುವುದು 'ಬೋರ್ಡ್ ಪತ್ತೆಯಾಗಿಲ್ಲ' ಎಂಬ ಒಂದೇ ಸಾಲು.

ಆ ಸಾಲನ್ನು ನಂಬಿ ಸುಸ್ಥಿತಿಯಲ್ಲಿರುವ ಬೋರ್ಡನ್ನು ಮೂಲೆಗೆಸೆದು ಇನ್ನೊಂದಕ್ಕೆ ಹಣ ತೆರುವವರಿದ್ದಾರೆ. ಅವಸರದಲ್ಲಿ ತಂತಿಗಳನ್ನು ಕಿತ್ತು ಜೋಡಿಸಿ, ಚೆನ್ನಾಗಿದ್ದ ಚಿಪ್ಪನ್ನೇ ಸುಟ್ಟುಕೊಂಡವರೂ ಇದ್ದಾರೆ. ದೋಷ ಎಲ್ಲಿದೆ ಎಂಬುದನ್ನು ಪರದೆಯ ಸಂದೇಶ ಹೇಳುವುದು ಅಪರೂಪ. ಅದನ್ನು ಕಂಡುಹಿಡಿಯಲು ಒಂದು ಕ್ರಮವಿದೆ.

ಐದು ಕೊಂಡಿಗಳ ಸರಪಳಿ

ಇಂಥ ಬೋರ್ಡಿಗೆ ಇಂಗ್ಲಿಷಿನಲ್ಲಿ 'ಇವಿಎಂ' ಎಂಬ ಹ್ರಸ್ವನಾಮವೂ ಉಂಟು. ಮತಯಂತ್ರಕ್ಕೂ ಇದಕ್ಕೂ ಸಂಬಂಧವಿಲ್ಲ. 1985ರಲ್ಲಿ ಬೆಂಗಳೂರಿನಲ್ಲಿ ವಿನ್ಯಾಸ ಕೇಂದ್ರ ತೆರೆದ ಟೆಕ್ಸಾಸ್ ಇನ್‌ಸ್ಟ್ರುಮೆಂಟ್ಸ್ ಕಂಪನಿಯ 'ಡಿಆರ್‌ವಿ' ಸರಣಿಯ ಚಿಪ್‌ಗಳು ಈ ವರ್ಗದಲ್ಲಿ ಪ್ರಸಿದ್ಧ. ಸ್ಟೆಪ್ಪರ್ ಮೋಟಾರ್ ನಡೆಸುವ ಡಿಆರ್‌ವಿ8825 ತ್ರೀಡಿ ಪ್ರಿಂಟರುಗಳ ಮೂಲಕ ಹವ್ಯಾಸಿಗಳಿಗೂ ಪರಿಚಿತವಾಗಿದೆ. ಇಲ್ಲಿ ಅದನ್ನೇ ಉದಾಹರಣೆಯಾಗಿ ಇಟ್ಟುಕೊಳ್ಳಲಾಗಿದೆ. ಕ್ರಮ ಮಾತ್ರ ಬಹುಪಾಲು ಬೋರ್ಡುಗಳಿಗೆ ಅನ್ವಯವಾಗುತ್ತದೆ.

ಕಂಪ್ಯೂಟರಿನಲ್ಲಿ ಒತ್ತಿದ ಗುಂಡಿಯ ಆಜ್ಞೆ ಮೋಟಾರನ್ನು ತಲುಪಲು ಐದು ಕೊಂಡಿಗಳನ್ನು ದಾಟಬೇಕು. ಮೊದಲನೆಯದು ಯುಎಸ್‌ಬಿ ಕೇಬಲ್. ಎರಡನೆಯದು ಯುಎಸ್‌ಬಿ ಸಂಕೇತವನ್ನು ಸೀರಿಯಲ್ ಸಂಕೇತವಾಗಿಸುವ ಸೇತುವೆ ಚಿಪ್ ಮತ್ತು ಅದರ ಚಾಲಕ ತಂತ್ರಾಂಶ. ಮೂರನೆಯದು ವಿಂಡೋಸ್ ಅದಕ್ಕೆ ಕೊಡುವ ಪೋರ್ಟ್ ಸಂಖ್ಯೆ ಮತ್ತು ಅದನ್ನು ಬಳಸುವ ಸೆಟಪ್ ತಂತ್ರಾಂಶ. ನಾಲ್ಕನೆಯದು ಬೋರ್ಡಿನ ಮೇಲಿನ ಮೈಕ್ರೋಕಂಟ್ರೋಲರ್. ಐದನೆಯದು ಡ್ರೈವರ್ ಚಿಪ್, ಅದರ ವಿದ್ಯುತ್ ಪೂರೈಕೆ ಹಾಗೂ ಮೋಟಾರ್.

'ಡ್ರೈವರ್' ಎಂಬ ಪದ ಇಲ್ಲಿ ಎರಡು ಅರ್ಥಗಳಲ್ಲಿ ಬರುವುದು ಗೊಂದಲಕ್ಕೆ ದೊಡ್ಡ ಕಾರಣ. ಮೋಟಾರ್ ತಿರುಗಿಸುವ ಚಿಪ್ ಒಂದು ಡ್ರೈವರ್. ಬೋರ್ಡನ್ನು ವಿಂಡೋಸ್‌ಗೆ ಪರಿಚಯಿಸುವ ತಂತ್ರಾಂಶ ಇನ್ನೊಂದು. 'ಡ್ರೈವರ್ ದೋಷ' ಎಂಬ ಸಂದೇಶ ಬಂದಾಗ ಯಾವುದು ಎಂಬುದನ್ನು ಮೊದಲು ನಿರ್ಧರಿಸಬೇಕು.

ಕೇಬಲ್ ಪರೀಕ್ಷೆ

ಮೋಟಾರ್ ಮತ್ತು ಅದರ ವಿದ್ಯುತ್ ಪೂರೈಕೆಯನ್ನು ಬದಿಗಿಟ್ಟು ಪರೀಕ್ಷೆ ಆರಂಭಿಸುವುದು ಸುರಕ್ಷಿತ. ಮೊಬೈಲ್ ಚಾರ್ಜರ್ ಜೊತೆ ಬರುವ ಕೆಲವು ಅಗ್ಗದ ಕೇಬಲ್‌ಗಳಲ್ಲಿ ವಿದ್ಯುತ್ತಿನ ಎರಡು ತಂತಿಗಳಷ್ಟೇ ಇದ್ದು, ದತ್ತಾಂಶದ ತಂತಿಗಳು ಇರುವುದೇ ಇಲ್ಲ. ಬೋರ್ಡಿನ ದೀಪ ಉರಿಯುತ್ತದೆ, ಕಂಪ್ಯೂಟರ್ ಮಾತ್ರ ಮೌನವಾಗಿರುತ್ತದೆ. ಅದೇ ಕೇಬಲ್ ಬಳಸಿ ಮೊಬೈಲಿನಿಂದ ಒಂದು ಚಿತ್ರವನ್ನು ಕಂಪ್ಯೂಟರಿಗೆ ವರ್ಗಾಯಿಸಿ ನೋಡಿದರೆ ಸಂಶಯ ತೀರುತ್ತದೆ. ಯುಎಸ್‌ಬಿ ಹಬ್ ಬಳಸದೆ, ನೇರವಾಗಿ ಕಂಪ್ಯೂಟರಿನ ಪೋರ್ಟಿಗೇ ಜೋಡಿಸುವುದು ಉತ್ತಮ.

ಡಿವೈಸ್ ಮ್ಯಾನೇಜರ್ ಹೇಳುವ ಸಂಖ್ಯೆಗಳು

ವಿಂಡೋಸ್‌ನ ಡಿವೈಸ್ ಮ್ಯಾನೇಜರ್ ತೆರೆದಿಟ್ಟುಕೊಂಡು ಬೋರ್ಡನ್ನು ಜೋಡಿಸಬೇಕು. ಪಟ್ಟಿಯಲ್ಲಿ ಹೊಸ ಸಾಲು ಮೂಡದಿದ್ದರೆ ದೋಷ ಕೇಬಲ್, ಪೋರ್ಟ್ ಅಥವಾ ಸೇತುವೆ ಚಿಪ್‌ನಲ್ಲಿದೆ. ಹಳದಿ ಎಚ್ಚರಿಕೆ ಚಿಹ್ನೆಯೊಂದಿಗೆ ಮೂಡಿದರೆ, ಆ ಸಾಲಿನ ಮೇಲೆ ಎರಡು ಬಾರಿ ಕ್ಲಿಕ್ ಮಾಡಿದಾಗ ಕಾಣುವ ಸಂಕೇತ ಸಂಖ್ಯೆ ದಾರಿ ತೋರುತ್ತದೆ.

* ಸಂಕೇತ 28: ಚಾಲಕ ತಂತ್ರಾಂಶ ಅಳವಡಿಕೆಯಾಗಿಲ್ಲ.
* ಸಂಕೇತ 10: ಸಾಧನ ಆರಂಭವಾಗುತ್ತಿಲ್ಲ. ಹೊಂದದ ಆವೃತ್ತಿಯ ಚಾಲಕ ತಂತ್ರಾಂಶ ಇದಕ್ಕೆ ಒಂದು ಕಾರಣ.
* ಸಂಕೇತ 43: ಸಾಧನವೇ ತೊಂದರೆ ವರದಿ ಮಾಡಿದೆ. ಕೇಬಲ್ ಮತ್ತು ಬೋರ್ಡಿನ ಯಂತ್ರಾಂಶವನ್ನು ಶಂಕಿಸಬೇಕು.
* ಸಂಕೇತ 52: ಚಾಲಕ ತಂತ್ರಾಂಶದ ಡಿಜಿಟಲ್ ಸಹಿಯನ್ನು ವಿಂಡೋಸ್ ಒಪ್ಪುತ್ತಿಲ್ಲ.

ಕೊನೆಯ ತೊಂದರೆ ಹಳೆಯ ಬೋರ್ಡುಗಳಲ್ಲಿ ಸಾಮಾನ್ಯ. 64 ಬಿಟ್‌ನ ವಿಸ್ಟಾ ಆವೃತ್ತಿಯಿಂದಲೇ ಸಹಿಯಿಲ್ಲದ ಚಾಲಕ ತಂತ್ರಾಂಶಕ್ಕೆ ತಡೆ ಬಿದ್ದಿತ್ತು. 2016ರಲ್ಲಿ ಬಂದ ವಿಂಡೋಸ್ 10ರ ಪರಿಷ್ಕರಣೆಯಿಂದ ನಿಯಮ ಇನ್ನಷ್ಟು ಬಿಗಿಯಾಯಿತು. 2021ರಲ್ಲಿ ಬಂದ ವಿಂಡೋಸ್ 11 ಸಂಪೂರ್ಣ 64 ಬಿಟ್‌ನದು. 32 ಬಿಟ್‌ನ ಸಾಧಾರಣ ತಂತ್ರಾಂಶಗಳು ಅದರಲ್ಲಿ ಓಡುತ್ತವೆ, 32 ಬಿಟ್‌ನ ಚಾಲಕ ತಂತ್ರಾಂಶ ಓಡುವುದಿಲ್ಲ. ಆದ್ದರಿಂದ ಬೋರ್ಡಿನ ಜೊತೆ ಬಂದ ಹಳೆಯ ಕಡತಕ್ಕಿಂತ, ಸೇತುವೆ ಚಿಪ್ ತಯಾರಿಸಿದ ಕಂಪನಿ ನೀಡುವ ಇತ್ತೀಚಿನ ಆವೃತ್ತಿ ಹೆಚ್ಚು ನಂಬಲರ್ಹ.

ನಕಲಿ ಚಿಪ್‌ಗಳ ವಿಷಯದಲ್ಲಿ ಈ ಸಲಹೆಯೂ ಕೈಕೊಡಬಹುದು. ಸೇತುವೆ ಚಿಪ್‌ಗಳಿಗೆ ಹೆಸರಾದ ಸ್ಕಾಟ್ಲೆಂಡಿನ ಎಫ್‌ಟಿಡಿಐ ಕಂಪನಿಯ ಚಾಲಕ ತಂತ್ರಾಂಶವೊಂದು 2014ರಲ್ಲಿ ವಿಂಡೋಸ್ ಅಪ್‌ಡೇಟ್ ಮೂಲಕ ಹರಡಿ, ನಕಲಿ ಚಿಪ್‌ಗಳ ಗುರುತಿನ ಸಂಖ್ಯೆಯನ್ನು ಸೊನ್ನೆಯಾಗಿಸಿತು. ಅಂಥ ಚಿಪ್ ಹೊತ್ತ ಸಾಧನಗಳನ್ನು ಕಂಪ್ಯೂಟರ್ ಗುರುತಿಸದಾಯಿತು. ವಿರೋಧ ವ್ಯಕ್ತವಾದ ಬಳಿಕ ಅದನ್ನು ಹಿಂತೆಗೆದುಕೊಳ್ಳಲಾಯಿತು. ತಾವು ಕೊಂಡ ಅಗ್ಗದ ಮಾಡ್ಯೂಲಿನಲ್ಲಿ ನಕಲಿ ಚಿಪ್ ಇದೆಯೆಂದು ತಿಳಿಯದ ಬಳಕೆದಾರರೇ ಆ ಪ್ರಕರಣದಲ್ಲಿ ತೊಂದರೆಗೊಳಗಾದರು.

ಪೋರ್ಟ್ ಇದೆ, ಸಂಪರ್ಕವಿಲ್ಲ

ಡಿವೈಸ್ ಮ್ಯಾನೇಜರ್‌ನಲ್ಲಿ 'ಕಾಮ್' ಪೋರ್ಟ್ ಸರಿಯಾಗಿ ಕಾಣುತ್ತಿದ್ದರೂ ಸೆಟಪ್ ತಂತ್ರಾಂಶ ಬೋರ್ಡನ್ನು ಗುರುತಿಸದಿರುವುದು ಅತಿ ಹೆಚ್ಚು ಕಾಡುವ ಸಮಸ್ಯೆ. ಇದಕ್ಕೆ ಮುಖ್ಯ ಕಾರಣಗಳು ನಾಲ್ಕು.

ಮೊದಲನೆಯದಾಗಿ, ಹೊಸ ಯುಎಸ್‌ಬಿ ಸಾಧನಗಳು ಸೇರಿದಂತೆಲ್ಲ ವಿಂಡೋಸ್ ಹೊಸ ಸಂಖ್ಯೆಗಳನ್ನು ಕೊಡುತ್ತ ಹೋಗುತ್ತದೆ. ಹಳೆಯ ಕೆಲವು ತಂತ್ರಾಂಶಗಳಿಗೆ ಒಂದಂಕಿಯ ಪೋರ್ಟುಗಳಷ್ಟೇ ಗೊತ್ತು; 10 ಮತ್ತು ಮೇಲಿನ ಸಂಖ್ಯೆಗಳನ್ನು ತೆರೆಯಲು ಬೇಕಾದ ಬೇರೆ ಬಗೆಯ ಹೆಸರನ್ನು ಅವು ಬಳಸುವುದಿಲ್ಲ. ಪೋರ್ಟಿನ ಸುಧಾರಿತ ಆಯ್ಕೆಗಳಿಗೆ ಹೋಗಿ ಖಾಲಿಯಿರುವ ಚಿಕ್ಕ ಸಂಖ್ಯೆಯನ್ನು ಕೊಟ್ಟರೆ ತೊಂದರೆ ನಿವಾರಣೆಯಾಗುತ್ತದೆ.

ಎರಡನೆಯದಾಗಿ, ಸೀರಿಯಲ್ ಪೋರ್ಟನ್ನು ಒಂದು ಸಮಯಕ್ಕೆ ಒಂದೇ ತಂತ್ರಾಂಶ ಬಳಸಬಲ್ಲುದು. ಹಿನ್ನೆಲೆಯಲ್ಲಿ ತೆರೆದಿರುವ ಟರ್ಮಿನಲ್ ಅಥವಾ ಆರ್ಡುಯಿನೊ ಕಿಟಕಿ ಅದನ್ನು ಹಿಡಿದಿಟ್ಟುಕೊಂಡಿರಬಹುದು. ಲಿನಕ್ಸ್‌ನಲ್ಲಿ ಮೋಡೆಮ್ ಮ್ಯಾನೇಜರ್ ಎಂಬ ಸೇವೆ ಹೊಸ ಪೋರ್ಟನ್ನು ಮೋಡೆಮ್ ಎಂದು ಭಾವಿಸಿ ತಡಕಾಡುವುದುಂಟು. ಉಬುಂಟುವಿನಲ್ಲಿ ಬಳಕೆದಾರರ ಖಾತೆ 'ಡಯಲ್‌ಔಟ್' ಗುಂಪಿಗೆ ಸೇರಿರಬೇಕೆಂಬುದೂ ನೆನಪಿರಲಿ.

ಮೂರನೆಯದಾಗಿ, ಹಲವು ಬೋರ್ಡುಗಳಲ್ಲಿ ಸೇತುವೆ ಚಿಪ್‌ಗೆ ಯುಎಸ್‌ಬಿಯಿಂದ ವಿದ್ಯುತ್ ಸಿಕ್ಕರೆ, ಮೈಕ್ರೋಕಂಟ್ರೋಲರ್‌ಗೆ ಮೋಟಾರಿನ ಪೂರೈಕೆಯಿಂದ ಸಿಗುತ್ತದೆ. ಯುಎಸ್‌ಬಿ ಮಾತ್ರ ಜೋಡಿಸಿದಾಗ ಪೋರ್ಟ್ ಕಾಣುತ್ತದೆ, ಉತ್ತರಿಸುವವರು ಯಾರೂ ಇರುವುದಿಲ್ಲ. ಈ ಹಂತದಲ್ಲಿ ಬೋರ್ಡಿನ ಕೈಪಿಡಿ ಹೇಳುವಷ್ಟು ವೋಲ್ಟೇಜನ್ನು, ಮೋಟಾರ್ ಜೋಡಿಸದೆಯೇ, ಕರೆಂಟ್ ಮಿತಿಯುಳ್ಳ ಪೂರೈಕೆಯಿಂದ ಕೊಟ್ಟು ನೋಡಬೇಕು.

ನಾಲ್ಕನೆಯದಾಗಿ, ಬೋರ್ಡಿನೊಳಗಿನ ಫರ್ಮ್‌ವೇರ್ ಮತ್ತು ಕಂಪ್ಯೂಟರಿನ ತಂತ್ರಾಂಶದ ಆವೃತ್ತಿಗಳು ಹೊಂದದಿರಬಹುದು. ಎರಡನ್ನೂ ಒಂದೇ ಬಿಡುಗಡೆಯಿಂದ ತೆಗೆದುಕೊಳ್ಳುವುದೇ ಪರಿಹಾರ.

ತಂತ್ರಾಂಶವೇ ತೆರೆಯದಿದ್ದರೆ

ಹಿಂದಿನ ದಶಕಗಳ ಹಲವು ಸೆಟಪ್ ತಂತ್ರಾಂಶಗಳು ಲ್ಯಾಬ್‌ವ್ಯೂ ಭಾಷೆಯಲ್ಲಿ ರಚಿತವಾದವು. ಅವು ಓಡಲು ಲ್ಯಾಬ್‌ವ್ಯೂನ ರನ್‌ಟೈಮ್ ಎಂಜಿನ್ ಪ್ರತ್ಯೇಕವಾಗಿ ಬೇಕು, ಅದೂ ತಂತ್ರಾಂಶ ತಯಾರಾದ ವರ್ಷದ ಆವೃತ್ತಿಗೆ ಹೊಂದುವಂಥದ್ದು. ಕಾಲೇಜು ಮತ್ತು ಕಚೇರಿಗಳ ಕಂಪ್ಯೂಟರುಗಳಲ್ಲಿ ನಿರ್ವಾಹಕ ಹಕ್ಕು ಇಲ್ಲದಿರುವುದರಿಂದ ಅಳವಡಿಕೆ ಅರ್ಧಕ್ಕೆ ನಿಲ್ಲುವುದೂ ಉಂಟು. ಆಗ ಕಂಪ್ಯೂಟರಿನ ಹೊಣೆ ಹೊತ್ತ ಸಿಬ್ಬಂದಿಯಿಂದಲೇ ಅಳವಡಿಸಿಕೊಳ್ಳಬೇಕು.

ಹೊಸ ಬೋರ್ಡುಗಳಲ್ಲಿ ಪದ್ಧತಿ ಬದಲಾಗಿದೆ. ಟೆಕ್ಸಾಸ್ ಇನ್‌ಸ್ಟ್ರುಮೆಂಟ್ಸ್‌ನ ಜಿಯುಐ ಕಂಪೋಸರ್‌ನಲ್ಲಿ ರೂಪಿಸಿದ ತಂತ್ರಾಂಶಗಳು ಬ್ರೌಸರಿನಲ್ಲೇ ತೆರೆಯುತ್ತವೆ. ಆದರೆ ಬ್ರೌಸರ್ ಮತ್ತು ಬೋರ್ಡಿನ ನಡುವೆ ಕೆಲಸ ಮಾಡಲು ಕ್ಲೌಡ್ ಏಜೆಂಟ್ ಎಂಬ ಚಿಕ್ಕ ತಂತ್ರಾಂಶವನ್ನು ಕಂಪ್ಯೂಟರಿನಲ್ಲಿ ಅಳವಡಿಸಬೇಕಾಗುತ್ತದೆ.

ಸಂಪರ್ಕವಿದೆ, ಮೋಟಾರ್ ತಿರುಗದು

ಇಲ್ಲಿಂದ ದೋಷ ಐದನೆಯ ಕೊಂಡಿಯದು. ಯುಎಸ್‌ಬಿ ಕೊಡುವುದು 5 ವೋಲ್ಟ್ ಮಾತ್ರ, ಡಿಆರ್‌ವಿ8825ಕ್ಕೆ 8.2ರಿಂದ 45 ವೋಲ್ಟ್ ಬೇಕು. ಪೂರೈಕೆ ಸರಿಯಿದ್ದರೆ ಮುಂದಿನ ಪರೀಕ್ಷೆ ನಿದ್ರೆ, ರಿಸೆಟ್ ಮತ್ತು ಎನೇಬಲ್ ಪಿನ್‌ಗಳದು. ಈ ಚಿಪ್‌ನಲ್ಲಿ ಅವು ಮೂರೂ ತಗ್ಗಿನಲ್ಲಿ ಕ್ರಿಯಾಶೀಲವಾಗುವಂಥವು. ನಿದ್ರೆ ಮತ್ತು ರಿಸೆಟ್ ಪಿನ್‌ಗಳು ಮೇಲಿನ ಮಟ್ಟದಲ್ಲಿಯೂ ಎನೇಬಲ್ ಪಿನ್ ತಗ್ಗಿನಲ್ಲಿಯೂ ಇದ್ದರೆ ಮಾತ್ರ ಚಿಪ್ ಕೆಲಸ ಮಾಡುತ್ತದೆ. ಪರದೆಯ ಮೇಲಿನ ಗುರುತುಗಳನ್ನು ತಿರುವುಮುರುವಾಗಿ ಅರ್ಥಮಾಡಿಕೊಳ್ಳುವುದು ಸಾಮಾನ್ಯ ತಪ್ಪು.

ದೋಷಸೂಚಕ ದೀಪ ಉರಿದರೆ ಚಿಪ್ ತನ್ನನ್ನು ತಾನೇ ರಕ್ಷಿಸಿಕೊಂಡಿದೆ ಎಂದರ್ಥ. ಅತಿಯಾದ ಬಿಸಿ ಕಾರಣವಾಗಿದ್ದರೆ ತಣಿದ ಮೇಲೆ ತಾನಾಗಿ ಚೇತರಿಸಿಕೊಳ್ಳುತ್ತದೆ. ಅತಿಯಾದ ಕರೆಂಟ್ ಕಾರಣವಾಗಿದ್ದರೆ ರಿಸೆಟ್ ಮಾಡುವವರೆಗೆ ಅಥವಾ ಪೂರೈಕೆಯನ್ನು ತೆಗೆದು ಮತ್ತೆ ಕೊಡುವವರೆಗೆ ಸ್ತಬ್ಧವಾಗಿರುತ್ತದೆ.

ಮೋಟಾರ್ ನಡುಗುತ್ತ ನಿಂತಲ್ಲೇ ನಿಂತರೆ ಸುರುಳಿಗಳ ತಂತಿ ಅದಲುಬದಲಾಗಿರಬಹುದು. ನಾಲ್ಕು ತಂತಿಯ ಸ್ಟೆಪ್ಪರ್ ಮೋಟಾರಿನಲ್ಲಿ ಎರಡು ಸುರುಳಿಗಳಿರುತ್ತವೆ. ಬೋರ್ಡಿನಿಂದ ಬಿಡಿಸಿದ ಮೋಟಾರಿನ ಯಾವ ಎರಡು ತಂತಿಗಳ ನಡುವೆ ಮಲ್ಟಿಮೀಟರ್ ಕಡಿಮೆ ರೋಧ ತೋರಿಸುತ್ತದೋ ಅವು ಒಂದೇ ಸುರುಳಿಯವು.

ಮೋಟಾರ್ ನಿಶ್ಚಲವಾಗಿದೆ ಎನಿಸಿದರೆ ಲೆಕ್ಕವನ್ನೂ ನೋಡಬೇಕು. ಹೆಜ್ಜೆಗೆ 1.8 ಡಿಗ್ರಿಯ ಮೋಟಾರಿಗೆ ಒಂದು ಸುತ್ತಿಗೆ 200 ಹೆಜ್ಜೆ. ಹೆಜ್ಜೆಯನ್ನು 32 ಭಾಗ ಮಾಡುವ ಆಯ್ಕೆ ಕೊಟ್ಟರೆ ಒಂದು ಸುತ್ತಿಗೆ 6,400 ಸಂಕೇತಗಳು ಬೇಕು. ಸೆಕೆಂಡಿಗೆ 200 ಸಂಕೇತ ಕಳಿಸಿದರೆ ಒಂದು ಸುತ್ತಿಗೆ 32 ಸೆಕೆಂಡು ಹಿಡಿಯುತ್ತದೆ. ಇದಕ್ಕೆ ವಿರುದ್ಧವಾಗಿ ಆರಂಭದಲ್ಲೇ ಅತಿ ವೇಗ ಕೊಟ್ಟರೆ ಮೋಟಾರ್ ಗುಂಯ್‌ಗುಟ್ಟಿ ನಿಲ್ಲುತ್ತದೆ.

ಕಂಪ್ಯೂಟರ್ ಬಿಟ್ಟು ಪರೀಕ್ಷೆ

ದೋಷ ಎತ್ತ ಕಡೆಯದು ಎಂದು ನಿರ್ಣಯಿಸಲು ಖಚಿತ ಉಪಾಯವೊಂದಿದೆ. ಡಿಆರ್‌ವಿ8825ಕ್ಕೆ ಬೇಕಾಗುವುದು ಹೆಜ್ಜೆ ಮತ್ತು ದಿಕ್ಕಿನ ಎರಡು ಸಂಕೇತಗಳಷ್ಟೇ. ಕೈಪಿಡಿ ತೋರಿಸುವಂತೆ ಬೋರ್ಡಿನ ಮೈಕ್ರೋಕಂಟ್ರೋಲರನ್ನು ಬೇರ್ಪಡಿಸಿ, ಆರ್ಡುಯಿನೊದಂಥ ಬೋರ್ಡಿನಿಂದ ಆ ಸಂಕೇತ ಕೊಟ್ಟಾಗ ಮೋಟಾರ್ ತಿರುಗಿದರೆ ಚಿಪ್ ಆರೋಗ್ಯವಾಗಿದೆ. ಹೊಸ ಬೋರ್ಡ್ ಕೊಳ್ಳುವ ಮುನ್ನ ಈ ಪರೀಕ್ಷೆ ಮಾಡುವುದು ಲಾಭಕರ.

ಮರೆಯಬಾರದ ಎಚ್ಚರಿಕೆಗಳು

* ವಿದ್ಯುತ್ ಹರಿಯುತ್ತಿರುವಾಗ ಸ್ಟೆಪ್ಪರ್ ಮೋಟಾರಿನ ತಂತಿಯನ್ನು ಜೋಡಿಸಬಾರದು, ಕೀಳಬಾರದು. ಚಿಪ್ ಸುಡುವ ಸಾಮಾನ್ಯ ಕಾರಣಗಳಲ್ಲಿ ಇದೊಂದು.
* ಮೊದಲ ಪರೀಕ್ಷೆಗೆ ಲಿಥಿಯಂ ಬ್ಯಾಟರಿ ಬಳಸಬಾರದು. ಶಾರ್ಟ್ ಆದರೆ ಅದು ಹರಿಸುವ ಕರೆಂಟಿಗೆ ಮಿತಿಯಿರುವುದಿಲ್ಲ.
* ಕರೆಂಟ್ ಮಿತಿಯನ್ನು ಮೊದಲೇ ನಿಗದಿಪಡಿಸಬೇಕು. ಈ ಚಿಪ್‌ನಲ್ಲಿ ಉಲ್ಲೇಖ ವೋಲ್ಟೇಜನ್ನು ಸಂವೇದಕ ರೋಧಕದ ಐದು ಪಟ್ಟಿನಿಂದ ಭಾಗಿಸಿದರೆ ಕರೆಂಟ್ ಸಿಗುತ್ತದೆ: 1 ವೋಲ್ಟ್, 0.1 ಓಮ್ ಇದ್ದರೆ 2 ಆಂಪಿಯರ್.
* ಮನೆಯ ವಿದ್ಯುತ್ತಿಗೆ ನೇರವಾಗಿ ಜೋಡಿಸುವ ಡ್ರೈವರ್ ಬೋರ್ಡುಗಳಿಗೆ ಯುಎಸ್‌ಬಿ ಐಸೊಲೇಟರ್ ಇಲ್ಲದೆ ಲ್ಯಾಪ್‌ಟಾಪ್ ಜೋಡಿಸುವುದು ಪ್ರಾಣಾಪಾಯಕ್ಕೆ ಎಡೆಮಾಡುತ್ತದೆ.

ತಂತ್ರಾಂಶವನ್ನೂ ಕಾಪಿಡಬೇಕು

ಚಿಪ್ ಹತ್ತಾರು ವರ್ಷ ಬಾಳಬಹುದು, ಅದರ ಸೆಟಪ್ ತಂತ್ರಾಂಶಕ್ಕೆ ಅಷ್ಟು ಆಯುಷ್ಯವಿಲ್ಲ. ವಿಂಡೋಸ್ 7ಕ್ಕೆ 2020ರ ಜನವರಿಯಲ್ಲಿ, ವಿಂಡೋಸ್ 10ಕ್ಕೆ 2025ರ ಅಕ್ಟೋಬರ್‌ನಲ್ಲಿ ಮೈಕ್ರೋಸಾಫ್ಟ್‌ನ ಸಾಮಾನ್ಯ ಬೆಂಬಲ ನಿಂತಿದೆ. ಬೋರ್ಡ್ ಕೊಂಡ ದಿನವೇ ಅಳವಡಿಕೆಯ ಕಡತ, ಚಾಲಕ ತಂತ್ರಾಂಶ, ಫರ್ಮ್‌ವೇರ್ ಮತ್ತು ಕೈಪಿಡಿಗಳನ್ನು ಒಂದೆಡೆ ಉಳಿಸಿ, ಕೆಲಸ ಮಾಡಿದ ಆವೃತ್ತಿಗಳ ಸಂಖ್ಯೆಯನ್ನು ಬರೆದಿಡುವುದು ಪ್ರಯೋಗಾಲಯಗಳಿಗೂ ಸಣ್ಣ ಉದ್ಯಮಗಳಿಗೂ ಅಗತ್ಯ. ಹಳೆಯ ವಿಂಡೋಸ್ ಅನಿವಾರ್ಯವಾದಲ್ಲಿ ಅದನ್ನು ವರ್ಚುವಲ್ ಯಂತ್ರದಲ್ಲಿ, ಅಂತರಜಾಲದ ಸಂಪರ್ಕವಿಲ್ಲದೆ ನಡೆಸುವುದು ಕ್ಷೇಮ.