ಸೋರುವ ಸೂರಿನ ಕೆಳಗೆ ಷರೀಫರ ಪದ

ಹಿಂಜವಾಡಿ ಅಂದ್ರೆ ಎಲ್ಲರಿಗೂ ನೆನಪಾಗೋದು ರಾಜೀವ್ ಗಾಂಧಿ ಇನ್ಫೋಟೆಕ್ ಪಾರ್ಕ್, ಅಲ್ಲಿನ ಗಾಜಿನ ಕಟ್ಟಡಗಳು. ಆದರೆ ಇನ್ನೂ ಕಟ್ಟುತ್ತಿರುವ ಕಟ್ಟಡಗಳ ಪಕ್ಕದಲ್ಲಿ ಪತ್ರಾಸಿನ ಶೆಡ್ಡುಗಳೂ ಇವೆ. ಯಾದಗಿರಿ, ಕಲಬುರಗಿ, ವಿಜಯಪುರದ ಕಡೆಯಿಂದ ಗೌಂಡಿ ಕೆಲಸಕ್ಕೆ ಬಂದ ನಮ್ಮ ಜನ ಅಲ್ಲಿರ್ತಾರೆ. ಭಾನುವಾರ ಅವರ ಮಕ್ಕಳಿಗೆ ಕನ್ನಡ ಅಕ್ಷರ ಕಲಿಸಲು ಹೋಗ್ತೇನೆ. ಒಂದು ಮಳೆಗಾಲದ ದಿನ ಶಿಶುನಾಳ ಷರೀಫರ ಮನೆ ಸೋರುವ ಪದ ಹೇಳಿಕೊಡುತ್ತಿದ್ದೆ. ನಮ್ಮ ತಲೆಯ ಮೇಲೂ ನೀರು ತೊಟ್ಟಿಕ್ಕುತ್ತಿತ್ತು. ಒಬ್ಬ ಹುಡುಗ, "ಟೀಚರ್, ಅವರ ಮನಿನೂ ಪತ್ರಾಸಿಂದೇನ್ರಿ?" ಅಂದ. ಎಲ್ಲರೂ ನಕ್ಕೆವು.

ಆ ವರ್ಷವೇ ಅಬ್ಬಾ ತೀರಿಕೊಂಡಿದ್ದರು. ನಾನು ಪಾಠ ಮಾಡುತ್ತಿದ್ದ ಶಾಲೆಯ ಗುತ್ತಿಗೆಯೂ ಮುಗಿದಿತ್ತು. ಹುಡುಗನ ಪ್ರಶ್ನೆ ತಲೆಯಿಂದ ಹೋಗಲಿಲ್ಲ. ಷರೀಫರ ಬದುಕನ್ನು ಮತ್ತೆ ಓದಲು ಕೂತೆ.

ಷರೀಫರು ಹುಟ್ಟಿದ್ದು 1819ರಲ್ಲಿ, ಇಂದಿನ ಹಾವೇರಿ ಜಿಲ್ಲೆಯ ಶಿಗ್ಗಾಂವಿ ತಾಲೂಕಿನ ಶಿಶುನಾಳದಲ್ಲಿ. ತಂದೆ ಇಮಾಮ್ ಸಾಹೇಬರು, ತಾಯಿ ಹಜ್ಜೂಮಾ. ಗುರು ಕಳಸದ ಗೋವಿಂದ ಭಟ್ಟರು. ಮುಲ್ಕಿ ಪರೀಕ್ಷೆ ಪಾಸಾಗಿ ಕೆಲಕಾಲ ಶಾಲಾ ಮಾಸ್ತರರಾಗಿದ್ದರು, ಆಮೇಲೆ ಆ ನೌಕರಿ ಬಿಟ್ಟರು. ಕುಂದಗೋಳದ ಫಾತಿಮಾರನ್ನು ಮದುವೆಯಾದರು. ಮಗಳು ಹುಟ್ಟಿದ ಮೇಲೆ ಹೆಂಡತಿ ತೀರಿಕೊಂಡರು. ಸುತ್ತಲಿನ ಕಾಲವೂ ಹಗುರದ್ದಲ್ಲ. 1858ರಲ್ಲಿ ನರಗುಂದದ ಬಂಡಾಯವನ್ನು ಬ್ರಿಟಿಷರು ಹತ್ತಿಕ್ಕಿದರು. 1876-78ರ ಬರದಲ್ಲಿ ಧಾರವಾಡ ಸೀಮೆ ನರಳಿತು.

ಇಷ್ಟೆಲ್ಲ ಕಂಡವರು ಏನು ಹಾಡಿದರು? ತಮ್ಮ ನೋವಿನ ಪಟ್ಟಿ ಹಾಡಲಿಲ್ಲ. ಸೋರುವ ಮನೆ, ಕೋಳಿ, ಕೋತಿ, ಹೀಗೆ ಹಳ್ಳಿಯವರೆಲ್ಲ ದಿನಾ ನೋಡುವುದನ್ನೇ ಹಿಡಿದು ದೇಹ, ಮನಸ್ಸು, ಅಜ್ಞಾನದ ಮಾತು ಹೇಳಿದರು. ಹಾಗಾಗಿ ಒಬ್ಬರ ಪದ ಊರಿನವರೆಲ್ಲರ ಪದವಾಯಿತು.

ಅವರ ಮೊಹರಂ ಪದಗಳಲ್ಲಿ ಇದು ಇನ್ನೂ ಸ್ಪಷ್ಟ. ಉತ್ತರ ಕರ್ನಾಟಕದಲ್ಲಿ ಅಲಾವಿ ಕುಣಿಯ ಸುತ್ತ ಹಿಂದೂ ಮುಸ್ಲಿಮರು ಕೂಡಿ ಹೆಜ್ಜೆ ಹಾಕುತ್ತಾ ರಿವಾಯತ್ ಪದ ಹಾಡ್ತಾರೆ. 680ರ ಕರ್ಬಲಾದ ಶೋಕ ಅಲ್ಲಿ ಅಚ್ಚ ಕನ್ನಡದಲ್ಲಿದೆ. ಅದೇ ಕಾಲದಲ್ಲಿ ಲಖನೌದ ಮೀರ್ ಅನೀಸ್ ಉರ್ದುವಿನಲ್ಲಿ ಮರ್ಸಿಯಾ ಬರೆಯುತ್ತಿದ್ದರು. 1856ರಲ್ಲಿ ಬ್ರಿಟಿಷರು ಅವಧ್ ಕಸಿದುಕೊಂಡರು, ಮರುವರ್ಷದ ದಂಗೆಯಲ್ಲಿ ಲಖನೌ ಹಾಳಾಯಿತು. ತಮ್ಮೂರು ಬಿಟ್ಟು ಹೆಚ್ಚು ಹೋಗದಿದ್ದ ಅನೀಸ್ ಕೊನೆಗಾಲದಲ್ಲಿ ಪಟ್ನಾ, ಹೈದರಾಬಾದಿನ ಮಜ್ಲಿಸುಗಳಿಗೆ ಹೋಗಿ ಓದಬೇಕಾಯಿತು. ಆಸರೆ ಹೋಯಿತು, ಕವಿತೆ ಹೋಗಲಿಲ್ಲ. ಎರಡೂ ಭಾಷೆ ಕಲಿಸುವ ನನಗೆ ಮರ್ಸಿಯಾ ಮತ್ತು ರಿವಾಯತ್ ಬೇರೆ ಬೇರೆ ಅನಿಸುವುದಿಲ್ಲ. ದುಃಖವನ್ನು ಒಬ್ಬರೇ ಹೊರದೆ ನಾಲ್ಕು ಜನ ಕೂಡಿ ಹೊರುವ ದಾರಿ ಎರಡೂ.

ಷರೀಫರು 1889ರಲ್ಲಿ ತೀರಿಕೊಂಡರು. ಪದಗಳು ಹಾಡುವವರ ಬಾಯಲ್ಲಿ ಉಳಿದವು. ಆಮೇಲೆ ಸಂಗ್ರಹಗಳು ಬಂದವು, ಸಿ. ಅಶ್ವಥ್ ಹಾಡಿದರು, 1990ರಲ್ಲಿ ಟಿ.ಎಸ್. ನಾಗಾಭರಣರು ಸಿನಿಮಾ ಮಾಡಿದರು. ಆದರೆ ಅದಕ್ಕೂ ಮೊದಲು ಅವನ್ನು ಕಾಪಾಡಿದ್ದು ಹೊಲ, ಮಠ, ದರ್ಗಾ, ಭಜನೆಯಲ್ಲಿ ಹಾಡಿದ ಹೆಸರಿಲ್ಲದ ಜನ.

ಮುಂದಿನ ಭಾನುವಾರ ಆ ಹುಡುಗ ತಾನೇ ನಾಲ್ಕು ಸಾಲು ಕಟ್ಟಿಕೊಂಡು ಬಂದ. ನೀರು ಬೀಳುವಲ್ಲಿ ಅವ್ವ ಯಾವ ಯಾವ ಪಾತ್ರೆ ಇಡ್ತಾಳೆ, ಯಾವ ಪಾತ್ರೆ ಏನು ಸದ್ದು ಮಾಡ್ತದೆ ಅಂತ. ಶೆಡ್ ಇನ್ನೂ ಸೋರುತ್ತಲೇ ಇದೆ. ಅದನ್ನು ರಿಪೇರಿ ಮಾಡಬೇಕಾದವರು ಮಾಡಬೇಕು, ಆ ಕೆಲಸ ಕವಿತೆಯದ್ದಲ್ಲ. ಆದರೆ ಆ ಮಕ್ಕಳು ಈಗ ಪಾತ್ರೆಗಳ ಸದ್ದಿಗೆ ತಾಳ ಹಾಕ್ತಾರೆ.

ಓದುತ್ತಿರುವ ವಿದ್ಯಾರ್ಥಿಗಳೇ, ನಿಮ್ಮ ನಾನಿ, ದಾದಿಗೆ ಯಾವುದಾದರೂ ರಿವಾಯತ್ ಪದ ಬರುತ್ತಾ ಅಂತ ಇವತ್ತೇ ಕೇಳಿ. ಬಂದರೆ ಬರೆದಿಟ್ಟುಕೊಳ್ಳಿ. ನಮ್ಮ ಚರಿತ್ರೆಯ ಎಷ್ಟೋ ಪುಟ ಅವರ ಬಾಯಲ್ಲೇ ಇದೆ.