ನಿಧಿ ಎಷ್ಟು ದಿನ ಬಂದೀತು?

ಭದ್ರಾವತಿಯಿಂದ ಶಿವಮೊಗ್ಗಕ್ಕೆ ಬಸ್ಸಿನಲ್ಲಿ ಹೋಗಿ ಶಿವಪ್ಪನಾಯಕನ ಹೆಸರಿನ ಅರಮನೆ ನೋಡಿ ಬಂದ ಮರುದಿನ, ಸಮಾಜ ವಿಜ್ಞಾನದ ಮೇಷ್ಟ್ರು ಕೇಳಿದರು: "ಕೆಳದಿ ಅರಸರು ಮುಂದೆ ಬಂದದ್ದು ಹೇಗೆ?" ನಾನು ಎದ್ದು "ನಿಧಿ ಸಿಕ್ಕಿತು ಸಾರ್" ಎಂದೆ. ಮೇಷ್ಟ್ರು ನಕ್ಕು, "ನಿಧಿ ಎಷ್ಟು ದಿನ ಬಂದೀತೋ?" ಎಂದರು. ಅದಕ್ಕೆ ಉತ್ತರ ನನಗೆ ಸಿಕ್ಕಿದ್ದು ಬಹಳ ವರ್ಷಗಳ ನಂತರ.

ಸಾಗರದ ಹತ್ತಿರದ ಕೆಳದಿಯಲ್ಲಿ ಚೌಡಪ್ಪ ಮತ್ತು ಭದ್ರಪ್ಪ ಎಂಬ ಒಕ್ಕಲು ಮನೆತನದ ಅಣ್ಣತಮ್ಮಂದಿರಿದ್ದರು. ಅವರಿಗೆ ಹೊಲದಲ್ಲಿ ಖಡ್ಗವೂ ನಿಧಿಯೂ ದೊರೆತವು, ನಿಧಿಗಾಗಿ ಯಾದವ, ಮುರಾರಿ ಎಂಬ ಆಳುಗಳಿಬ್ಬರು ಬಲಿಯಾದರು ಎಂಬುದು ಐತಿಹ್ಯ. ಅರಸರ ಹೆಸರಿನ ಜೊತೆ ಈ ಇಬ್ಬರ ಹೆಸರೂ ಉಳಿದಿರುವುದು ಸಮಾಧಾನದ ಸಂಗತಿ.

ಸುಮಾರು 1500ರಲ್ಲಿ ಚೌಡಪ್ಪ ವಿಜಯನಗರದ ಅಧೀನ ನಾಯಕನಾದ. ಮಗ ಸದಾಶಿವನಾಯಕ ಅಳಿಯ ರಾಮರಾಯನ ಪರವಾಗಿ ಯುದ್ಧ ಮಾಡಿ 'ಕೋಟೆಕೋಲಾಹಲ' ಎಂಬ ಬಿರುದು ಪಡೆದ. 1565ರಲ್ಲಿ ವಿಜಯನಗರ ಸೋತ ಮೇಲೆ, ಹಿರಿಯ ವೆಂಕಟಪ್ಪನಾಯಕನ ಕಾಲಕ್ಕೆ ಕೆಳದಿ ಸ್ವತಂತ್ರವಾಗಿ ಬೆಳೆಯಿತು. ರಾಜಧಾನಿ ಕೆಳದಿಯಿಂದ ಇಕ್ಕೇರಿಗೆ, ಅಲ್ಲಿಂದ ಬಿದನೂರಿಗೆ, ಅಂದರೆ ಇಂದಿನ ನಗರಕ್ಕೆ, ಹೋಯಿತು.

ಮೇಷ್ಟ್ರ ಪ್ರಶ್ನೆಗೆ ಉತ್ತರವಿರುವುದು ಶಿವಪ್ಪನಾಯಕನಲ್ಲಿ (1645–1660). ಅವನು ಭೂಮಿಯನ್ನು ಫಲವತ್ತತೆಯ ಮೇಲೆ ಐದು ದರ್ಜೆಗಳಾಗಿ ವಿಂಗಡಿಸಿದ. ಒಂದೊಂದು ಊರಿನಲ್ಲೂ ಪ್ರತಿ ದರ್ಜೆಯ ಒಂದು ಹೊಲವನ್ನು 12 ವರ್ಷ ಸರ್ಕಾರದ ಖರ್ಚಿನಲ್ಲೇ ಬೇಸಾಯ ಮಾಡಿಸಿ, ಬೀಜ, ಖರ್ಚು, ಫಸಲು, ಬೆಲೆ ಎಲ್ಲವನ್ನೂ ಬರೆಸಿದ. ಆಮೇಲೆ ಹುಟ್ಟುವಳಿಯ ಮೂರನೆಯ ಒಂದು ಪಾಲನ್ನು ಕಂದಾಯವೆಂದು ಗೊತ್ತುಮಾಡಿದ. ಇದೇ 'ಶಿವಪ್ಪನಾಯಕನ ಶಿಸ್ತು'. ಬ್ರಿಟಿಷರ ಕಾಲದ ವರದಿಗಳೂ ಇದನ್ನು ದಾಖಲಿಸಿವೆ. ಪ್ರಾರ್ಥನೆಯ ಸಾಲಿನಲ್ಲಿ ನಾವು ದಿನವೂ ಕೇಳುತ್ತಿದ್ದ 'ಶಿಸ್ತು' ಎಂಬ ಮಾತಿಗೆ ಇಂಥದೊಂದು ಅರ್ಥವೂ ಇತ್ತು!

ನನ್ನ ಕೆಲಸ ಈಗ ಬೆಂಗಳೂರಿನಲ್ಲಿ ಕಂಪ್ಯೂಟರ್ ಮುಂದೆ ಅಂಕಿ ಅಂಶಗಳ ಜೊತೆ. ಮಾಹಿತಿ ಇಲ್ಲದೆ ತೀರ್ಮಾನ ಮಾಡಬೇಡಿ ಎನ್ನುವುದು ನಮ್ಮ ವೃತ್ತಿಯ ಮೊದಲ ಪಾಠ. ಆದರೆ ಶಿಸ್ತಿನ ಬೆಲೆ ನನಗೆ ತಿಳಿದದ್ದು ಅಪ್ಪನಿಂದ. ಒಂದೂವರೆ ಎಕರೆಯ ಪಹಣಿಯಲ್ಲಿದ್ದ ಒಂದು ತಪ್ಪನ್ನು ಸರಿಪಡಿಸಲು ಅವರು ಆರು ವರ್ಷ ಅಲೆದರು. ಆ ಹೊಲಕ್ಕೆ ಬಂದು ನೋಡಿದವರು ಒಬ್ಬರೂ ಇರಲಿಲ್ಲ. ಕಂದಾಯ ಕೇಳುವ ಮೊದಲು ತಾನೇ ಉತ್ತು ನೋಡಿದ ಅರಸ ಆಗ ನನಗೆ ದೊಡ್ಡವನಾಗಿ ಕಂಡ.

1763ರಲ್ಲಿ ಹೈದರಾಲಿ ಬಿದನೂರನ್ನು ಗೆದ್ದಾಗ ಕೆಳದಿಯ ಆಳ್ವಿಕೆ ಮುಗಿಯಿತು. ಎರಡೂವರೆ ಶತಮಾನಕ್ಕೂ ಮಿಕ್ಕ ಆಳ್ವಿಕೆ! ಮನೆತನವನ್ನು ಎತ್ತಿದ್ದು ನಿಧಿಯೋ ಖಡ್ಗವೋ ಇರಬಹುದು ಸಾರ್. ಅದರ ಹೆಸರನ್ನು ಉಳಿಸಿದ್ದು ಲೆಕ್ಕದ ಪುಸ್ತಕ.

ಉತ್ತರ ತಡವಾಯಿತು, ಕ್ಷಮಿಸಿ. ಪ್ರಶ್ನೆ ಕೇಳಲು ಕಲಿಸಿದ ಶಾಲೆಗೆ ನನ್ನ ನಮಸ್ಕಾರ.