ಪಂಚೆಗೆ ಪ್ರವೇಶ ಇಲ್ಲವೇ? ಉಡುಪಿನ ಜಗಳ ಕೋಲ್ಕತ್ತಾಗೆ ಹೊಸದಲ್ಲ. 150 ವರ್ಷಗಳ ಕಥೆ ಇಲ್ಲಿದೆ

2024ರ ಜುಲೈ. ಬೆಂಗಳೂರಿನ ಮಾಗಡಿ ರಸ್ತೆಯ ಮಾಲ್‌ ಒಂದಕ್ಕೆ ಮಗನ ಜೊತೆ ಸಿನಿಮಾ ನೋಡಲು ಬಂದಿದ್ದ ಹಾವೇರಿ ಜಿಲ್ಲೆಯ ವೃದ್ಧ ರೈತರೊಬ್ಬರನ್ನು ಪಂಚೆ ಉಟ್ಟಿದ್ದಾರೆ ಎಂಬ ಕಾರಣಕ್ಕೆ ಬಾಗಿಲಲ್ಲೇ ತಡೆಯಲಾಯಿತು. ಅವರ ಬಳಿ ಟಿಕೆಟ್ ಇತ್ತು. ವಿಡಿಯೋ ವೈರಲ್ ಆಯಿತು, ವಿಧಾನಸಭೆಯಲ್ಲೂ ವಿಷಯ ಪ್ರಸ್ತಾಪವಾಯಿತು. ಕೊನೆಗೆ ರಾಜ್ಯ ಸರ್ಕಾರ ಆ ಮಾಲ್ ಅನ್ನು 7 ದಿನ ಮುಚ್ಚಿಸಿತು.

ಇದಕ್ಕೂ 7 ವರ್ಷ ಮೊದಲು, 2017ರ ಜುಲೈನಲ್ಲಿ, ಕೋಲ್ಕತ್ತಾದ ಮಾಲ್‌ ಒಂದರಲ್ಲಿ ಇಂಥದ್ದೇ ವಿವಾದ ಎದ್ದಿತ್ತು. ಧೋತಿ ಉಟ್ಟು ಬಂದ ಚಲನಚಿತ್ರ ನಿರ್ದೇಶಕರೊಬ್ಬರನ್ನು ಭದ್ರತಾ ಸಿಬ್ಬಂದಿ ತಡೆದರು, ಅವರು ಇಂಗ್ಲಿಷಿನಲ್ಲಿ ವಾದ ಮಾಡಿದ ಮೇಲಷ್ಟೇ ಒಳಗೆ ಬಿಟ್ಟರು ಎಂದು ಜೊತೆಗಿದ್ದವರು ಫೇಸ್‌ಬುಕ್‌ನಲ್ಲಿ ಬರೆದುಕೊಂಡಿದ್ದರು. ಧೋತಿಯನ್ನೇ ಗುರುತಾಗಿ ಮಾಡಿಕೊಂಡ ಬಂಗಾಳಿಗಳ ಊರಿನಲ್ಲೇ ಧೋತಿಗೆ ತಡೆಯೇ ಎಂಬ ಪ್ರಶ್ನೆ ದೇಶದಾದ್ಯಂತ ಕೇಳಿಬಂತು.

ಆದರೆ ಕೋಲ್ಕತ್ತಾದ ಇತಿಹಾಸ ಬಲ್ಲವರಿಗೆ ಇದು ಹೊಸದಲ್ಲ. ಏನು ಉಡಬೇಕು, ಏನು ಉಡಬಾರದು, ಯಾರ ಬಟ್ಟೆ ಯಾರದ್ದು ಎಂಬ ಜಗಳ ಈ ನಗರದಲ್ಲಿ 150 ವರ್ಷಗಳಿಂದ ನಡೆದೇ ಇದೆ. ಆ ಜಗಳದ ಫಲವನ್ನು ಇಂದು ಕರ್ನಾಟಕದ ಮನೆಮನೆಯಲ್ಲೂ ನೋಡಬಹುದು.

ವಿದ್ಯಾಸಾಗರರ ಚಪ್ಪಲಿ

1874ರ ಜನವರಿ. ಸಂಸ್ಕೃತ ವಿದ್ವಾಂಸ, ಸಮಾಜ ಸುಧಾರಕ ಈಶ್ವರಚಂದ್ರ ವಿದ್ಯಾಸಾಗರ ಅವರು ಪಾರ್ಕ್ ಸ್ಟ್ರೀಟ್‌ನ ಏಷ್ಯಾಟಿಕ್ ಸೊಸೈಟಿ ಕಟ್ಟಡಕ್ಕೆ ಬಂದರು. ಆಗ ವಸ್ತುಸಂಗ್ರಹಾಲಯವೂ ಅಲ್ಲೇ ಇತ್ತು. ಅವರ ಉಡುಪು ಎಂದಿನಂತೆ ಸಾದಾ ಧೋತಿ, ಹೊದೆಯುವ ಚಾದರ, ಕಾಲಿಗೆ ದೇಶೀ ಚಪ್ಪಲಿ. ಬಾಗಿಲಲ್ಲಿದ್ದವನು ಚಪ್ಪಲಿ ಬಿಟ್ಟು ಒಳಗೆ ಹೋಗಿ ಎಂದ. ಇಂಗ್ಲಿಷ್ ಬೂಟು ತೊಟ್ಟವರಿಗೆ ಮಾತ್ರ ಈ ನಿಯಮ ಇರಲಿಲ್ಲ. ವಿದ್ಯಾಸಾಗರರು ಚಪ್ಪಲಿ ಬಿಡಲಿಲ್ಲ, ಅಲ್ಲಿಂದಲೇ ಹಿಂತಿರುಗಿದರು. ನಂತರ ಅಧಿಕಾರಿಗಳಿಗೆ ಪ್ರತಿಭಟನಾ ಪತ್ರ ಬರೆದರು. ಪತ್ರಿಕೆಗಳು ಆ ವಿಷಯವನ್ನು ಎತ್ತಿಕೊಂಡವು.

ಬ್ರಿಟಿಷರ ಕಾಲದ ‘ಬೂಟಿನ ನಿಯಮ’ ವಿಚಿತ್ರವಾಗಿತ್ತು. ಭಾರತೀಯರು ಗೌರವ ಸೂಚಿಸಲು ಪಾದರಕ್ಷೆ ಕಳಚಬೇಕು ಎಂಬುದು ಮೊದಲ ವಾದ. ಕಾಲಕ್ರಮೇಣ ಯುರೋಪಿಯನ್ ಮಾದರಿಯ ಬೂಟು, ಕಾಲುಚೀಲ ಧರಿಸಿದವರಿಗೆ ವಿನಾಯಿತಿ ಸಿಕ್ಕಿತು. ಅಂದರೆ ಪ್ರಶ್ನೆ ಸ್ವಚ್ಛತೆಯದ್ದೂ ಅಲ್ಲ, ಸಂಪ್ರದಾಯದ್ದೂ ಅಲ್ಲ. ನೀವು ಯಾರಂತೆ ಕಾಣುತ್ತೀರಿ ಎಂಬುದೇ ಮುಖ್ಯವಾಗಿತ್ತು.

ಇತ್ತ ಆ ಕಾಲದ ಸಿರಿವಂತ ‘ಬಾಬು’ಗಳು ನಯವಾದ ನೆರಿಗೆಯ ಧೋತಿಯ ಕೆಳಗೆ ಬಕಲ್ ಬೂಟು ತೊಟ್ಟು, ಇಂಗ್ಲೆಂಡಿನ ರಾಜಕುಮಾರ ಆಲ್ಬರ್ಟ್‌ನಂತೆ ತಲೆ ಬಾಚಿಕೊಂಡು ಓಡಾಡುತ್ತಿದ್ದರು. ಕಾಳಿಘಾಟ್ ದೇವಸ್ಥಾನದ ಬಳಿ ಕುಳಿತು ಚಿತ್ರ ಬರೆಯುತ್ತಿದ್ದ ಪಟ ಕಲಾವಿದರು ಇವರನ್ನು ಬಿಡಲಿಲ್ಲ. ಹುಕ್ಕಾ ಹಿಡಿದ ಬಾಬುವಿನ ವ್ಯಂಗ್ಯ ಚಿತ್ರಗಳು ಯಾತ್ರಿಕರಿಗೆ ಅಗ್ಗದ ಬೆಲೆಗೆ ಮಾರಾಟವಾಗುತ್ತಿದ್ದವು. ಆಳುವವರ ವೇಷ ತೊಟ್ಟವನನ್ನು ನೋಡಿ ಬೀದಿಯ ಜನ ನಗುವುದಕ್ಕೂ ಉಡುಪೇ ಕಾರಣವಾಗಿತ್ತು.

ಇಂದಿನ ಸೀರೆಯ ಹಿಂದೆ ಠಾಕೂರ್ ಮನೆಯ ಸೊಸೆ

ಗಂಡಸರ ಜಗಳ ಚಪ್ಪಲಿಯದ್ದಾದರೆ, ಹೆಂಗಸರ ಎದುರಿಗಿದ್ದ ಬಾಗಿಲು ಮನೆಯದ್ದೇ. ಆಗ ಬಂಗಾಳದ ಗೃಹಿಣಿಯರು ಮನೆಯೊಳಗೆ ಒಂದೇ ಸೀರೆಯನ್ನು ಮೈಗೆ ಸುತ್ತಿಕೊಳ್ಳುತ್ತಿದ್ದರು. ಒಳಲಂಗ, ರವಿಕೆ ಇರಲಿಲ್ಲ. ಅಂತಃಪುರದಿಂದ ಹೊರಗೆ ಬರಬೇಕು ಎಂದರೆ ಹೊರಗೆ ಉಡುವ ಬಟ್ಟೆಯೇ ಇಲ್ಲ!

ಜೋಡಾಸಾಂಕೊದ ಠಾಕೂರ್ ಮನೆತನದ ಸೊಸೆ ಜ್ಞಾನದಾನಂದಿನಿ ದೇವಿ ಅವರಿಗೆ ಈ ಸಮಸ್ಯೆ ಎದುರಾದದ್ದು 1864ರಲ್ಲಿ. ಪತಿ ಸತ್ಯೇಂದ್ರನಾಥ ಠಾಕೂರರು ಐಸಿಎಸ್ ಸೇರಿದ ಮೊದಲ ಭಾರತೀಯ. ಅವರ ಜೊತೆ ಬಾಂಬೆಗೆ ಹೊರಟಾಗ ದರ್ಜಿಯಿಂದ ಹೊಲಿಸಿದ ವಿಚಿತ್ರ ವೇಷವೊಂದನ್ನು ತೊಡಬೇಕಾಯಿತು. ಬಾಂಬೆಯಲ್ಲಿ ಪಾರ್ಸಿ ಮಹಿಳೆಯರು ಸೀರೆ ಉಡುವ ಬಗೆಯನ್ನು ನೋಡಿ ಕಲಿತ ಅವರು ಅದನ್ನು ಹಾಗೆಯೇ ನಕಲು ಮಾಡಲಿಲ್ಲ. ಪಾರ್ಸಿಗಳು ಸೆರಗನ್ನು ಬಲ ಹೆಗಲ ಮೇಲೆ ಹಾಕಿದರೆ, ಇವರು ಬಲಗೈ ಕೆಲಸಕ್ಕೆ ಬಿಡುವಾಗಿರಲಿ ಎಂದು ಎಡ ಹೆಗಲಿಗೆ ತಂದರು. ಒಳಗೆ ಲಂಗ, ಮೇಲೆ ಕುಪ್ಪಸ.

ಕೋಲ್ಕತ್ತಾಗೆ ಮರಳಿದ ಮೇಲೆ ಮಹಿಳಾ ಪತ್ರಿಕೆ ‘ಬಾಮಾಬೋಧಿನಿ’ಯಲ್ಲಿ, ಈ ಬಗೆಯಲ್ಲಿ ಸೀರೆ ಉಡುವುದನ್ನು ಕಲಿಸಿಕೊಡುವುದಾಗಿ ಪ್ರಕಟಣೆಯನ್ನೂ ಕೊಟ್ಟರು. ಬ್ರಾಹ್ಮ ಸಮಾಜದ ಮಹಿಳೆಯರು ಮೊದಲು ಉಟ್ಟಿದ್ದರಿಂದ ಇದಕ್ಕೆ ‘ಬ್ರಾಹ್ಮಿಕಾ ಸೀರೆ’ ಎಂಬ ಹೆಸರು ಬಂತು. ಇಂದು ದೇಶದೆಲ್ಲೆಡೆ ಕಾಣುವ, ಮುಂದೆ ನೆರಿಗೆ, ಎಡ ಹೆಗಲ ಮೇಲೆ ಸೆರಗು ಇರುವ ಶೈಲಿ ಜನಪ್ರಿಯವಾಗುವಲ್ಲಿ ಈ ಪ್ರಯೋಗದ ಪಾತ್ರ ದೊಡ್ಡದು. ನಮ್ಮಲ್ಲಿ ಉತ್ತರ ಕರ್ನಾಟಕದ ಕಚ್ಚೆ ಸೀರೆ, ಹಿಂದೆ ನೆರಿಗೆ ಬರುವ ಕೊಡಗಿನ ಸೀರೆ ಇವೆಲ್ಲ ಹಬ್ಬ, ಮದುವೆಗೆ ಸೀಮಿತವಾಗುತ್ತಾ ಬಂದದ್ದೂ ಇಂಥದ್ದೇ ‘ಎಲ್ಲರ ಸೀರೆ’ ಬಂದ ಮೇಲೆ.

ಬಂಗಾಳಿಯಲ್ಲಿ ಒಳಲಂಗಕ್ಕೆ ‘ಶಾಯಾ’ ಎನ್ನುತ್ತಾರೆ. ಆ ಪದ ಪೋರ್ಚುಗೀಸ್ ಭಾಷೆಯದ್ದು. ಪಾರ್ಸಿ ಸೆರಗು, ಪೋರ್ಚುಗೀಸ್ ಹೆಸರು, ಇಂಗ್ಲಿಷ್ ಬ್ಲೌಸ್ ಎಲ್ಲ ಸೇರಿದ್ದನ್ನೇ ಇಂದು ನಾವು ಅಪ್ಪಟ ಭಾರತೀಯ ಉಡುಪು ಎನ್ನುತ್ತೇವೆ.

ಅಂದಹಾಗೆ, ಈ ಕುಟುಂಬಕ್ಕೆ ಕರ್ನಾಟಕದ ನಂಟೂ ಇದೆ. ಸತ್ಯೇಂದ್ರನಾಥರು ಕಾರವಾರದಲ್ಲಿ ನ್ಯಾಯಾಧೀಶರಾಗಿದ್ದರು. 1880ರ ದಶಕದ ಆರಂಭದಲ್ಲಿ ಅಣ್ಣನ ಮನೆಗೆ ಬಂದಿದ್ದ ಯುವಕ ರವೀಂದ್ರನಾಥರು ಅಲ್ಲಿ ‘ಪ್ರಕೃತಿರ್ ಪ್ರತಿಶೋಧ್’ ನಾಟಕ ಬರೆದರು. ಕಾರವಾರದ ಕಡಲತೀರಕ್ಕೆ ಇಂದು ಅವರದ್ದೇ ಹೆಸರು.

ಅರ್ಧ ಧೋತಿ, ಅರ್ಧ ಪೈಜಾಮ!

ಎಲ್ಲ ಬೆರಕೆಯೂ ಗೆಲ್ಲುವುದಿಲ್ಲ. ರವೀಂದ್ರನಾಥರ ಇನ್ನೊಬ್ಬ ಅಣ್ಣ ಜ್ಯೋತಿರಿಂದ್ರನಾಥರು ಇಡೀ ದೇಶಕ್ಕೊಂದು ‘ರಾಷ್ಟ್ರೀಯ ಉಡುಪು’ ರೂಪಿಸಲು ಹೊರಟಿದ್ದರು. ಧೋತಿ ಕೆಲಸಕ್ಕೆ ಅನುಕೂಲವಲ್ಲ, ಪೈಜಾಮ ನಮ್ಮದಲ್ಲ ಎಂದು ಯೋಚಿಸಿ, ಪೈಜಾಮದ ಮುಂದೆ ಧೋತಿಯಂತೆ ಕಾಣುವ ಮಡಿಕೆ ಹೊಲಿಸಿದರು. ತಲೆಗೆ ಪೇಟ ಮತ್ತು ಸೋಲಾ ಹ್ಯಾಟ್ ಎರಡನ್ನೂ ಸೇರಿಸಿದ ಟೋಪಿ! ಅಣ್ಣ ಅದನ್ನು ಹಾಕಿಕೊಂಡು ಹಾಡಹಗಲೇ ಹೊರಗೆ ಹೋಗುತ್ತಿದ್ದ ಧೈರ್ಯವನ್ನು ರವೀಂದ್ರನಾಥರು ತಮ್ಮ ನೆನಪಿನ ಬರಹದಲ್ಲಿ ನಗುತ್ತಲೇ ಮೆಚ್ಚಿದ್ದಾರೆ. ಆ ಉಡುಪನ್ನು ಬೇರಾರೂ ತೊಡಲಿಲ್ಲ.

ಜ್ಞಾನದಾನಂದಿನಿಯವರ ಸೀರೆ ಉಳಿದು ಜ್ಯೋತಿರಿಂದ್ರನಾಥರ ಟೋಪಿ ಅಳಿದದ್ದು ಏಕೆ? ಮೊದಲನೆಯದು ಜನರ ನಿಜವಾದ ಅಗತ್ಯದಿಂದ ಹುಟ್ಟಿತ್ತು. ಎರಡನೆಯದು ಬರೀ ಆಲೋಚನೆಯಿಂದ ಹುಟ್ಟಿತ್ತು.

ಸ್ವದೇಶಿ: ಬೆಂಕಿಗೆ ಬಿದ್ದದ್ದು ಯಾರ ಬಟ್ಟೆ?

1905ರ ಆಗಸ್ಟ್ 7ರಂದು ಕೋಲ್ಕತ್ತಾದ ಟೌನ್ ಹಾಲ್‌ನಲ್ಲಿ ವಿದೇಶಿ ವಸ್ತುಗಳ ಬಹಿಷ್ಕಾರಕ್ಕೆ ಕರೆ ಕೊಡಲಾಯಿತು. ಬಂಗಾಳದ ವಿಭಜನೆಗೆ ಅದು ಉತ್ತರವಾಗಿತ್ತು. ಆ ನೆನಪಿಗಾಗಿಯೇ 2015ರಿಂದ ಪ್ರತಿ ವರ್ಷ ಆಗಸ್ಟ್ 7 ಅನ್ನು ರಾಷ್ಟ್ರೀಯ ಕೈಮಗ್ಗ ದಿನವಾಗಿ ಆಚರಿಸಲಾಗುತ್ತಿದೆ. ಒರಟಾದ ದೇಶೀ ಬಟ್ಟೆ ತೊಡುವುದೇ ಹೆಮ್ಮೆಯಾಯಿತು, ಮ್ಯಾಂಚೆಸ್ಟರ್ ಬಟ್ಟೆ ಬೀದಿಯಲ್ಲಿ ಸುಟ್ಟುಹೋಯಿತು.

ಆದರೆ ಇದಕ್ಕೆ ಇನ್ನೊಂದು ಮುಖವೂ ಇತ್ತು. ಗಿರಣಿಯ ವಿದೇಶಿ ಬಟ್ಟೆ ಅಗ್ಗ, ದೇಶೀ ಬಟ್ಟೆ ದುಬಾರಿ. ಬಡವರಿಗೆ, ಸಂತೆಯಲ್ಲಿ ಬಟ್ಟೆ ಮಾರುವ ಸಣ್ಣ ವ್ಯಾಪಾರಿಗಳಿಗೆ ಬಹಿಷ್ಕಾರ ಎಂದರೆ ಹೊಟ್ಟೆಯ ಪ್ರಶ್ನೆ. ಅವರಲ್ಲಿ ಹಲವರು ಮುಸ್ಲಿಮರು. ಚಳವಳಿಯ ಆರಂಭದಲ್ಲಿ ಮುಂದಿದ್ದ ರವೀಂದ್ರನಾಥರು ಈ ಬಲವಂತವನ್ನು ಕಂಡು ದೂರ ಸರಿದರು. 1916ರಲ್ಲಿ ಪುಸ್ತಕವಾಗಿ ಬಂದ ಅವರ ‘ಘರೆ ಬೈರೆ’ ಕಾದಂಬರಿಯ ತಿರುಳು ಇದೇ. 1984ರಲ್ಲಿ ಸತ್ಯಜಿತ್ ರೇ ಅದನ್ನು ಸಿನಿಮಾ ಮಾಡಿದರು. ಬಟ್ಟೆಯಿಂದ ದೇಶಪ್ರೇಮ ಅಳೆಯಲು ಹೊರಟರೆ ಮೊದಲು ಸೋಲುವವರು ಯಾರು ಎಂಬ ಪ್ರಶ್ನೆ ಇಂದಿಗೂ ಹಳತಾಗಿಲ್ಲ.

ಗಡ್ಡ, ಜೋಳಿಗೆ ಮತ್ತು ಕಾಂಜೀವರಂ

1960ರ ದಶಕದಲ್ಲಿ ಬಂಡಾಯದ ಉಡುಪು ಬದಲಾಯಿತು. 1961ರಲ್ಲಿ ಆರಂಭವಾದ ‘ಹಂಗ್ರಿ’ ಪೀಳಿಗೆಯ ಕವಿಗಳು ಬಂಗಾಳಿ ಸಾಹಿತ್ಯದ ಶಿಷ್ಟಾಚಾರವನ್ನೇ ಪ್ರಶ್ನಿಸಿದರು. 1962ರಲ್ಲಿ ಇಲ್ಲಿ ಕೆಲ ತಿಂಗಳು ಇದ್ದ ಅಮೆರಿಕದ ಕವಿ ಅಲೆನ್ ಗಿನ್ಸ್‌ಬರ್ಗ್ ಗಡ್ಡ ಬಿಟ್ಟು, ಕುರ್ತಾ-ಪೈಜಾಮ ತೊಟ್ಟು ಈ ಕವಿಗಳ ಜೊತೆ ಓಡಾಡಿದರು. 1967ರ ನಕ್ಸಲ್‌ಬಾರಿ ದಂಗೆಯ ನಂತರ ಕಾಲೇಜ್ ಸ್ಟ್ರೀಟ್‌ನ ಕಾಫಿ ಹೌಸ್‌ನಲ್ಲಿ ಕುರ್ತಾ, ಜೋಳಿಗೆ, ಗಡ್ಡ ಎಂದರೆ ಎಡಪಂಥೀಯ ವಿದ್ಯಾರ್ಥಿಯ ಗುರುತು. ಕನ್ನಡಿಗರಿಗೂ ಇದು ಪರಿಚಿತ. ಗಡ್ಡ, ಜುಬ್ಬ, ಹೆಗಲಿಗೊಂದು ಜೋಳಿಗೆ ಇದ್ದರೆ ಸಾಕು, ‘ಬುದ್ಧಿಜೀವಿ’ ಎಂದು ನಾವೂ ಹೆಸರಿಟ್ಟೆವು. 1980ರಲ್ಲಿ ಹುಟ್ಟಿದ ರಾಜ್ಯ ರೈತ ಸಂಘದ ಹಸಿರು ಶಾಲು ಕೂಡ ಇಂಥದ್ದೇ ಹೋರಾಟದ ಗುರುತು.

ಅದೇ ಕಾಲದಲ್ಲಿ ಪಾರ್ಕ್ ಸ್ಟ್ರೀಟ್‌ನಲ್ಲಿ ತದ್ವಿರುದ್ಧ ಬಂಡಾಯವೊಂದು ನಡೆಯುತ್ತಿತ್ತು. 60ರ ದಶಕದ ಕೊನೆಗೆ ಟ್ರಿಂಕಾಸ್ ರೆಸ್ಟೋರೆಂಟ್‌ನ ವೇದಿಕೆ ಏರಿದ ಗಾಯಕಿ ಉಷಾ ಉತ್ತುಪ್ ಇಂಗ್ಲಿಷ್ ಪಾಪ್ ಹಾಡುಗಳನ್ನು ಹಾಡಿದ್ದು ಗೌನಿನಲ್ಲಲ್ಲ, ಕಾಂಜೀವರಂ ಸೀರೆಯಲ್ಲಿ. ಮುಂಬೈಯಲ್ಲಿ ಬೆಳೆದ ತಮಿಳು ಮನೆತನದ ಈ ಗಾಯಕಿ ಕೋಲ್ಕತ್ತಾದವರೇ ಆಗಿಹೋದರು. ಅವರ ಹಣೆಯ ದೊಡ್ಡ ಬಿಂದಿಯಲ್ಲಿ ಬಂಗಾಳಿಯ ‘ಕ’ ಅಕ್ಷರ ಇರುತ್ತದೆ. ಆ ‘ಕ’ ಎಂದರೆ ಕೋಲ್ಕತ್ತಾ.

ನೀಲಿ ಅಂಚಿನ ಸೀರೆ ಯಾರದ್ದು?

ಸಾಲ ಪಡೆದ ಉಡುಪಿನ ಅತ್ಯಂತ ಪ್ರಸಿದ್ಧ ಉದಾಹರಣೆಯೂ ಇದೇ ನಗರದ್ದು. 1948ರಲ್ಲಿ ಮದರ್ ತೆರೇಸಾ ಲೊರೆಟೊ ಕಾನ್ವೆಂಟ್ ಬಿಟ್ಟು ಬರುವಾಗ ಯುರೋಪಿಯನ್ ಸನ್ಯಾಸಿನಿಯರ ನಿಲುವಂಗಿಯನ್ನೂ ಬಿಟ್ಟರು. ಬಡ ಹೆಂಗಸರು ಉಡುತ್ತಿದ್ದಂಥ, ನೀಲಿ ಅಂಚಿನ ಅಗ್ಗದ ಬಿಳಿ ಹತ್ತಿ ಸೀರೆ ಉಟ್ಟರು. ಈಗ ಮಿಷನರೀಸ್ ಆಫ್ ಚಾರಿಟಿಯ ಸೀರೆಗಳನ್ನು ನೇಯುವವರು ಕೋಲ್ಕತ್ತಾ ಸಮೀಪದ ಟಿಟಾಗಢದ ಕೇಂದ್ರದಲ್ಲಿರುವ, ಕುಷ್ಠರೋಗದಿಂದ ಬಳಲಿದವರು.

2016ರಲ್ಲಿ ಆ 3 ನೀಲಿ ಪಟ್ಟಿಗಳ ವಿನ್ಯಾಸಕ್ಕೆ ಟ್ರೇಡ್‌ಮಾರ್ಕ್ ನೋಂದಣಿಯಾಯಿತು. ಹೆಸರಿನ ದುರ್ಬಳಕೆ ತಡೆಯುವುದು ಅದರ ಉದ್ದೇಶ. ಆದರೂ ಬಡವರ ಸೀರೆಯೊಂದು ಅನುಮತಿ ಇಲ್ಲದೆ ಬಳಸಲಾಗದ ಗುರುತಾದದ್ದು ಯೋಚಿಸಬೇಕಾದ ಸಂಗತಿಯೇ.

ಹೊಲಿದವರ ಹೆಸರು ಎಲ್ಲಿದೆ?

ಅವಧದ ನವಾಬ ವಾಜಿದ್ ಅಲಿ ಷಾನನ್ನು 1856ರಲ್ಲಿ ಬ್ರಿಟಿಷರು ಪದಚ್ಯುತಗೊಳಿಸಿದಾಗ ಆತ ಕೋಲ್ಕತ್ತಾದ ಮೆಟಿಯಾಬ್ರುಜ್‌ನಲ್ಲಿ ನೆಲೆಸಿದ. ಆ ಪ್ರದೇಶ ಇಂದು ದೊಡ್ಡ ಸಿದ್ಧ ಉಡುಪು ಕೇಂದ್ರ. ಇಲ್ಲಿನ ಬಹುಪಾಲು ಮುಸ್ಲಿಂ ದರ್ಜಿಗಳು ಹೊಲಿದ ಬಟ್ಟೆ ಹೌರಾದ ಮಂಗಳಾ ಹಾಟ್ ಸಂತೆಯ ಮೂಲಕ ಊರೂರಿಗೆ ಹೋಗುತ್ತದೆ. ದುರ್ಗಾಪೂಜೆಗೆ ಮಕ್ಕಳು ತೊಡುವ ಹೊಸ ಬಟ್ಟೆಯಲ್ಲೂ ಇವರ ಕೈಕೆಲಸವಿದೆ.

ಪೂಜೆಯಂದು ಬಂಗಾಳಿ ಗಂಡಸು ಧೋತಿಯ ಮೇಲೆ ತೊಡುವ ನಿಲುವಂಗಿಯ ಹೆಸರು ‘ಪಂಜಾಬಿ’! ರವೀಂದ್ರನಾಥರ ಉದ್ದ ಅಂಗಿಗೆ ಬಂಗಾಳಿಯಲ್ಲಿ ‘ಜೋಬ್ಬಾ’ ಎನ್ನುತ್ತಾರೆ. ನಮ್ಮ ‘ಜುಬ್ಬ’ವೂ ಅದೇ ಪದ, ಅದರ ಮೂಲ ಅರೇಬಿಕ್. ಬೇರೆ ನೆಲದ ಹೆಸರಿಟ್ಟುಕೊಂಡೇ ಪಂಚೆ-ಜುಬ್ಬ ನಮ್ಮದಾಯಿತು, ಧೋತಿ-ಪಂಜಾಬಿ ಅವರದ್ದಾಯಿತು. ಇದರಲ್ಲಿ ತಪ್ಪೇನೂ ಇಲ್ಲ. ಆದರೆ ‘ಇದು ನಮ್ಮ ಉಡುಪು, ಅದು ಅವರ ಉಡುಪು’ ಎಂದು ಬಾಗಿಲಲ್ಲಿ ನಿಂತು ಗೆರೆ ಎಳೆಯುವವರು ಇದನ್ನು ನೆನಪಿಟ್ಟುಕೊಳ್ಳಬೇಕು.

ವಾದ ಮಾಡಲಾಗದವರ ಗತಿ ಏನು?

ಕ್ಲಬ್ಬೊಂದರಲ್ಲಿ ಪಂಚೆ ಉಟ್ಟಿದ್ದ ನ್ಯಾಯಮೂರ್ತಿಯೊಬ್ಬರಿಗೇ ಪ್ರವೇಶ ನಿರಾಕರಿಸಿದ ನಂತರ, ತಮಿಳುನಾಡು 2014ರಲ್ಲೇ ಕಾನೂನು ತಂದಿತು. ಅಲ್ಲಿ ಭಾರತೀಯ ಸಾಂಪ್ರದಾಯಿಕ ಉಡುಪಿನ ಕಾರಣಕ್ಕೆ ಸಾರ್ವಜನಿಕ ಸ್ಥಳಗಳಲ್ಲಿ ಯಾರನ್ನೂ ತಡೆಯುವಂತಿಲ್ಲ. ತಡೆದರೆ ಪರವಾನಗಿ ರದ್ದಾಗಬಹುದು, 1 ವರ್ಷದವರೆಗೆ ಜೈಲು ಮತ್ತು 25,000 ರೂಪಾಯಿ ದಂಡಕ್ಕೂ ಅವಕಾಶವಿದೆ.

ಈ ಪ್ರಕರಣಗಳಲ್ಲಿ ಒಂದು ಸಾಮ್ಯ ಇದೆ. ವಿದ್ಯಾಸಾಗರರಿಗೆ ಪತ್ರ ಬರೆಯಲು ಬರುತ್ತಿತ್ತು, ಅವರ ಮಾತಿಗೆ ಬೆಲೆಯೂ ಇತ್ತು. ಕೋಲ್ಕತ್ತಾದ ನಿರ್ದೇಶಕರಿಗೆ ಇಂಗ್ಲಿಷ್ ಬರುತ್ತಿತ್ತು. ತಮಿಳುನಾಡಿನಲ್ಲಿ ಬಾಗಿಲಿಗೆ ಬಂದವರೇ ನ್ಯಾಯಮೂರ್ತಿ. ಬೆಂಗಳೂರಿನ ರೈತರ ಪಕ್ಕದಲ್ಲಿ ವಿಡಿಯೋ ಮಾಡಲು ಮಗನಿದ್ದ. ಪತ್ರ, ಇಂಗ್ಲಿಷ್, ಅಧಿಕಾರ, ಮೊಬೈಲ್ ಯಾವುದೂ ಇಲ್ಲದೆ, ಲುಂಗಿ ಉಟ್ಟು ಗಾಡಿ ಎಳೆಯುವವನು ಅದೇ ಬಾಗಿಲಿಗೆ ಬಂದರೆ? ಅವನನ್ನು ತಡೆದದ್ದು ಸುದ್ದಿಯಾಗುವುದಿಲ್ಲ. ಎಷ್ಟೋ ಬಾರಿ ಅವನು ಬಾಗಿಲ ತನಕ ಬರುವುದೇ ಇಲ್ಲ.